ತಿರುಗುತ್ತಲೇ ಇದ್ದ ಒಂಬತ್ತನೇ ನಂಬರ್

ಅಕ್ಕನ ಕೈಗೆ ಮೈಕ್ ಕೊಟ್ಟದ್ದು ಕಂಪನಿಯ ತಪ್ಪು. ಕೊಟ್ಟದ್ದು ಮಾತಾಡಲಿ ಎಂದಲ್ಲ, ಹಿಡಿದುಕೊಂಡಿರಲಿ ಎಂದು. ಗಾಳಿಯಂತ್ರಗಳ ಹೊಸ ಕಂಟ್ರೋಲ್ ರೂಮಿನ ಉದ್ಘಾಟನೆ ಅದು. ದೊಡ್ಡ ಸಾಹೇಬರ ಎರಡು ಕೈಯಲ್ಲೂ ಭಾಷಣದ ಹಾಳೆಗಳಿದ್ದವು. ಹೀಗಾಗಿ ಅವರ ಬಾಯಿಗೆ ಮೈಕ್ ಹಿಡಿಯುವ ಭಾಗ್ಯ ಶಿಫ್ಟಿನ ಮುಖ್ಯಸ್ಥೆಯಾದ ನನ್ನ ಅಕ್ಕನಿಗೆ ಬಂತು.

"ಎಂಥ ಆಘಾತ ಬಂದರೂ ನಮ್ಮ ನಲವತ್ತು ಯಂತ್ರಗಳು ಎದೆಗೊಟ್ಟು..." ಎಂದು ಸಾಹೇಬರು ಹಾಳೆ ತಿರುವುವಷ್ಟರಲ್ಲಿ ದೀಪಗಳು ಒಮ್ಮೆ ಮಂಕಾಗಿ ಮತ್ತೆ ಬೆಳಗಿದವು. ಗೋಡೆಯ ಪರದೆಯ ಮೇಲಿದ್ದ ನಲವತ್ತು ಹಸಿರು ಚುಕ್ಕೆಗಳಲ್ಲಿ ಮೂವತ್ತೊಂಬತ್ತು ಕೆಂಪಗಾದವು. ಯಂತ್ರಗಳು ಎದೆಗೊಡಲಿಲ್ಲ, ಕೈಕೊಟ್ಟವು.

ಅಕ್ಕ ಮೈಕನ್ನು ತನ್ನ ಎದೆಗೆ ಒತ್ತಿಕೊಂಡು ತನ್ನಷ್ಟಕ್ಕೆ ಅಂದಳು: "ಬಡ್ಕೊಂಡೆ, ಬಡ್ಕೊಂಡೆ! ಕೇಳಿದ್ವಾ ಈ ಕತ್ತೆಗಳು?"

ಇನ್ನೂರು ಜನರಿಗೆ ಕೇಳಿಸಿತು. ಅಕ್ಕ ಕರೆದಳೆಂದು ಬಂದು ಮೂರನೇ ಸಾಲಿನಲ್ಲಿ ಕೂತಿದ್ದ ನಾನು ಬಗ್ಗಿ ಶೂ ಲೇಸು ಕಟ್ಟಿಕೊಂಡೆ. ಹಾಕಿದ್ದು ಚಪ್ಪಲಿ.

ಅಕ್ಕ ಬಡಿದುಕೊಂಡದ್ದು ಏನೆಂದು ಹೇಳಬೇಕು. ಏಳು ಮೈಲಿ ದೂರದಲ್ಲೆಲ್ಲೋ ಒಂದು ಕೊಂಬೆ ತಂತಿಗೆ ತಗಲುತ್ತದೆ ಎನ್ನಿ. ಲೈನಿನ ಕಾವಲು ಸ್ವಿಚ್ಚು ಆ ತುಂಡನ್ನು ಬೇರ್ಪಡಿಸಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಅಷ್ಟು ಹೊತ್ತು ಸುತ್ತಲಿನ ವೋಲ್ಟೇಜು ಕುಸಿದಿರುತ್ತದೆ. ಬಸ್ಸು ಗಕ್ಕನೆ ಬ್ರೇಕು ಹಾಕಿದ ಹಾಗೆ. ನಿಂತ ಪ್ರಯಾಣಿಕರು ಕಂಬಿ ಗಟ್ಟಿಯಾಗಿ ಹಿಡಿದರೆ ಮುಗಿಯಿತು, ಬಸ್ಸು ಮುಂದೆ ಹೋಗುತ್ತದೆ. ಗಾಳಿಯಂತ್ರವೂ ಹಾಗೆಯೇ ತಾಳಿಕೊಳ್ಳಬೇಕು. ಬ್ರೇಕು ಬಿದ್ದ ಕೂಡಲೇ ಎಲ್ಲರೂ ಕಿಟಕಿಯಿಂದ ಹಾರಿಬಿಟ್ಟರೆ? ಅಂದು ಆದದ್ದು ಅದೇ. ಮೂವತ್ತೊಂಬತ್ತು ಯಂತ್ರಗಳ ವಿದ್ಯುತ್ತು ಒಮ್ಮೆಲೇ ಇಲ್ಲವಾಗಿ, ಉಳಿದ ಜಾಲ ಕುಸಿಯದಿರಲೆಂದು ಅರ್ಧ ಊರಿನ ಕರೆಂಟು ತೆಗೆದರು. ನಲವತ್ತು ನಿಮಿಷ ಲಿಫ್ಟುಗಳಲ್ಲಿ ಜನ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದವರು, ಎಲ್ಲರೂ ಇದ್ದಲ್ಲೇ ಇದ್ದರು.

ಯಂತ್ರ ಎಷ್ಟು ಹೊತ್ತು ತಾಳಬೇಕೆಂದು ಹೇಳುವುದು ಅದರ ಬುಡದಲ್ಲಿರುವ ರಿಲೇ ಎಂಬ ಡಬ್ಬಿ. ಹಳೆಯ ಡಬ್ಬಿಗಳಲ್ಲಿ 'ಮೂವತ್ತು' ಎಂದಿತ್ತು. ಅದರ ಒಂದು ಎಣಿಕೆ ಎಂದರೆ ಸೆಕೆಂಡಿನ ನೂರನೇ ಒಂದು ಭಾಗ. ನಾಲ್ಕು ತಿಂಗಳ ಹಿಂದೆ ಹೊಸ ಡಬ್ಬಿ ಬಂದವು. ಅವುಗಳ ಒಂದು ಎಣಿಕೆ ಸಾವಿರದಲ್ಲಿ ಒಂದು ಭಾಗ. ಟೈ ಕಟ್ಟಿದ ಸಲಹೆಗಾರನೊಬ್ಬ ಬಂದು ಹಳೆಯ ಪಟ್ಟಿ ನೋಡಿ ಹೊಸದಕ್ಕೂ 'ಮೂವತ್ತು' ಎಂದೇ ಒತ್ತಿದ. ಅಲ್ಲಿಗೆ ಯಂತ್ರಗಳ ತಾಳ್ಮೆ ಹತ್ತರಲ್ಲಿ ಒಂದು ಪಾಲಾಯಿತು. ನಾಲ್ಕು ಇಂಜಿನಿಯರುಗಳು ಸಹಿ ಹಾಕಿದರು. ಪಾಸ್‌ವರ್ಡನ್ನು ಸಲಹೆಗಾರ ಜೇಬಿನಲ್ಲಿಟ್ಟುಕೊಂಡ.

ಒಂಬತ್ತನೇ ಯಂತ್ರದ ಬಾಗಿಲು ಮಾತ್ರ ಆ ದಿನ ತುಕ್ಕು ಹಿಡಿದು ತೆರೆಯಲಿಲ್ಲ. ಮರುದಿನ ಅಕ್ಕ ಅದನ್ನು ಎಣ್ಣೆ ಬಿಟ್ಟು ತೆಗೆಸಿದಳು. "ನೀವೇ ಡಬ್ಬಿ ಕೂರಿಸಿ ಮೂವತ್ತು ಹಾಕ್ಬಿಡಿ ಮೇಡಂ" ಎಂದು ಸಲಹೆಗಾರ ಫೋನಿನಲ್ಲೇ ಪಾಸ್‌ವರ್ಡು ಕೊಟ್ಟ. ಅಕ್ಕ ಮುನ್ನೂರು ಹಾಕಿದಳು. ಹಾಕಿ, ಅವನಿಗೂ ಹೇಳಿದಳು: "ಉಳಿದ ಮೂವತ್ತೊಂಬತ್ತಕ್ಕೂ ಇದನ್ನೇ ಹಾಕಿ."

"ಮೇಡಂ, ನಾಲ್ಕು ಜನ ಸಹಿ ಹಾಕಿದಾರೆ. ಅವರೇನು ಸುಮ್ನೆ ಹಾಕ್ತಾರಾ?"

ಅವನು ಆ ರಾತ್ರಿಯೇ ಪಾಸ್‌ವರ್ಡು ಬದಲಿಸಿದ. ಅಕ್ಕ ಮೂರು ಸಲ ಬರೆದುಕೊಟ್ಟಳು. ಮೂರನ್ನೂ ಗಾಳಿಗೆ ತೂರಿದರು. ಗಾಳಿಯ ಕಂಪನಿ, ತೂರಲು ಬೇಕಾದಷ್ಟಿತ್ತು.

ಈಗ ಹೊಟ್ಟೆ ಉರಿಯುವ ಭಾಗ. ಉದ್ಘಾಟನೆಯ ಮರುವಾರ ಅಕ್ಕನಿಗೆ ಪತ್ರ ಬಂತು: ಯಂತ್ರಗಳನ್ನು ಸ್ಥಿರವಾಗಿಡಲು ವಿಫಲರಾಗಿದ್ದೀರಿ, ವಿಚಾರಣೆ ಮುಗಿದ ಮೇಲೆ ನಿಮ್ಮನ್ನು ಸಾಮಾನಿನ ಸ್ಟೋರಿಗೆ ಕಳಿಸಲಾಗುವುದು. ವಿಚಾರಣೆಗೆ ಮುಂಚೆಯೇ ಶಿಕ್ಷೆ ಟೈಪಾಗಿತ್ತು! ಇಪ್ಪತ್ತಾರು ವರ್ಷ ಯಂತ್ರಗಳ ಉಸಿರಾಟ ಕೇಳಿಕೊಂಡು ಕೂತ ಹೆಂಗಸು ಇನ್ನು ಕಿಟಕಿಯಲ್ಲಿ ಕೂತು ಕೈಗವಸು ಎಣಿಸಿ ಕೊಡಬೇಕು. ವಿಚಾರಣೆಯ ಮೂವರಲ್ಲಿ ಒಬ್ಬ ಯಾರು? ಟೈ ಕಟ್ಟಿದ ಅದೇ ಸಲಹೆಗಾರ. ಇದನ್ನು ಬರೆಯುವಾಗಲೂ ನನ್ನ ಪೆನ್ನು ಬಿಸಿಯಾಗುತ್ತದೆ.

ಅಕ್ಕನಿಗೆ ಮಾತ್ರ ಬಿಸಿ ಮುಟ್ಟಲಿಲ್ಲ. ಅಮ್ಮ ನಮ್ಮಿಬ್ಬರನ್ನೂ ಒಂದೇ ಕಾನ್ವೆಂಟಿಗೆ ಹಾಕಿದ್ದಳು. ನಾನು ಅಲ್ಲಿ ಎಕ್ಸ್‌ಕ್ಯೂಸ್ ಹೇಳುವುದನ್ನು ಕಲಿತೆ, ಅಕ್ಕ ಫ್ಯೂಸ್ ಹಾಕುವುದನ್ನು ಕಲಿತಳು. ಇಬ್ಬರಿಗೂ ಅದೇ ಅನ್ನವಾಯಿತು: ಅವಳಿಗೆ ಯಂತ್ರ, ನನಗೆ ಪೇಪರಿನ ನಗೆಬರಹ.

"ಅಕ್ಕಾ, ವಕೀಲರನ್ನ ಹಿಡಿಯೋಣ. ಪೇಪರಿಗೆ ಬರೀತೀನಿ. ಒಬ್ಬೊಬ್ಬರನ್ನೂ ಹಿಗ್ಗಾಮುಗ್ಗಾ ಝಾಡಿಸ್ತೀನಿ!"

"ನೀನು ಬರೆದ್ರೆ ಜನ ನಗ್ತಾರೆ ಕಣೋ. ಜೊತೆಗೊಬ್ಬರನ್ನ ಕರ್ಕೊಂಡು ಬರಬಹುದು ಅಂತಿದೆ, ನೀನು ಬಾ. ಬಾಯಿ ಮನೇಲಿಟ್ಟು ಬಾ."

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಆ ಕಡೆ ಮೆತ್ತನೆ ಕುರ್ಚಿ ಮೂರು, ಈ ಕಡೆ ಪ್ಲಾಸ್ಟಿಕ್ಕಿನವು ಎರಡು. ನನ್ನದರ ಒಂದು ಕಾಲು ಗಿಡ್ಡ. ನಡುವೆ ಕೂತಿದ್ದವರು ಹೊರಗಿನಿಂದ ಕರೆಸಿದ ನಿವೃತ್ತ ಇಂಜಿನಿಯರು, ಅಧ್ಯಕ್ಷರು. ಅವರ ಎಡಕ್ಕೆ ಕಚೇರಿಯ ಗುಮಾಸ್ತ. ಬಲಕ್ಕೆ ಟೈ.

ಟೈ ಶುರುಮಾಡಿತು. "ಆವತ್ತು ಮೇಡಂ ಕೈಯಲ್ಲಿ ಮೈಕ್ ಇತ್ತು ಸಾರ್, ಗಮನ ಯಂತ್ರಗಳ ಮೇಲಿರಲಿಲ್ಲ."

ನಾನು ಎದ್ದೆ. ಕುರ್ಚಿ ವಾಲಿತು. ಅಕ್ಕ ನನ್ನ ಅಂಗಿ ಹಿಡಿದು ಜಗ್ಗಿ ಕೂರಿಸಿದಳು.

"ಸೆಕೆಂಡಿನ ಹತ್ತರಲ್ಲಿ ಒಂದು ಭಾಗದಲ್ಲಿ ನಾನು ಗಮನ ಕೊಟ್ಟು ಏನ್ಮಾಡ್ಲಿ ಸಾರ್?" ಎಂದು ಅಕ್ಕ ಅಧ್ಯಕ್ಷರನ್ನೇ ಕೇಳಿದಳು. "ಅಷ್ಟರಲ್ಲಿ 'ಅಯ್ಯೋ' ಅನ್ನೋಕೂ ಆಗಲ್ಲ. ಅದಕ್ಕೇ ಡಬ್ಬಿ ಇಡೋದು. ಒಂಬತ್ತನೇ ನಂಬರಿನ ದಾಖಲೆ ನೋಡಿ."

ಅಧ್ಯಕ್ಷರು ಗ್ರಾಫಿನ ಹಾಳೆ ತರಿಸಿ ಕನ್ನಡಕ ಹಣೆಗೇರಿಸಿ ಮೂಗಿನ ಹತ್ತಿರ ಹಿಡಿದರು. ವೋಲ್ಟೇಜಿನ ಗೆರೆ ಗುಂಡಿಗೆ ಬಿದ್ದು ಮೇಲೆ ಬಂದಿತ್ತು. ಒಂಬತ್ತನೇ ಯಂತ್ರ ಆ ಗುಂಡಿಯನ್ನು ದಾಟಿ ತಿರುಗುತ್ತಲೇ ಇತ್ತು. ಉಳಿದವು ಗುಂಡಿಯ ಅಂಚಿನಲ್ಲೇ ಹಾರಿಕೊಂಡಿದ್ದವು.

"ಇದರಲ್ಲಿ ಎಷ್ಟು ಹಾಕಿದೀರಿ?"

"ಮುನ್ನೂರು."

"ಅಪ್ಪಣೆ ಇಲ್ಲದೆ!" ಎಂದಿತು ಟೈ. "ನಾನು ಹೇಳಿದ್ದು ಮೂವತ್ತು. ಇದೊಂದೇ ಸಾಕು ಸಾರ್, ಸ್ಟೋರಿಗಲ್ಲ, ಮನೆಗೇ ಕಳಿಸಬಹುದು."

ಅಕ್ಕನ ಕೆಲಸ ಆ ಹಾಳೆಯ ಮೇಲಿತ್ತು. ಅವಳ ಹೆಬ್ಬೆರಳು ಸೆರಗಿನ ಅಂಚನ್ನು ಉಜ್ಜುತ್ತಿದ್ದುದನ್ನು ನಾನೊಬ್ಬನೇ ನೋಡಿದೆ.

ಅಧ್ಯಕ್ಷರು ಟೈ ಕಡೆ ತಿರುಗಿದರು. "ನೀವು ಹೇಳಿದ ಹಾಗೆ ಕೇಳಿದ ಮೂವತ್ತೊಂಬತ್ತು ಬಿದ್ದಿವೆ. ಕೇಳದೆ ಇದ್ದದ್ದು ಒಂದೇ ಉಳಿದಿದೆ. ಯಾರನ್ನ ಮನೆಗೆ ಕಳಿಸ್ಲಿ, ನೀವೇ ಹೇಳಿ."

ಟೈ ತನ್ನ ಗಂಟನ್ನು ಸಡಿಲಿಸಿಕೊಂಡಿತು. ಅಧ್ಯಕ್ಷರು ಸ್ಟೋರಿನ ಆದೇಶವನ್ನು ಗುಮಾಸ್ತನ ಕೈಯಲ್ಲೇ ಹೊಡೆದುಹಾಕಿಸಿದರು. ಉಳಿದ ಮೂವತ್ತೊಂಬತ್ತಕ್ಕೂ ಮುನ್ನೂರು ಹಾಕಿಸುವ ಕೆಲಸ ಅಕ್ಕನದೇ ಎಂದು ಬರೆಸಿದರು. ಕ್ಷಮೆಯ ಒಂದು ಸಾಲು? ಇಲ್ಲ. ಆ ಸಾಲನ್ನು ಕಂಪನಿ ಇವತ್ತಿಗೂ ಬರೆದಿಲ್ಲ.

ಏಳುವ ಮುಂಚೆ ಅಧ್ಯಕ್ಷರು ಫೈಲು ಬದಿಗಿಟ್ಟು ಮೇಜಿನ ಮೇಲೆ ಬಾಗಿದರು. "ಒಂದು ಮಾತು ಕೇಳ್ತೀನಮ್ಮ. ನಾಲ್ಕು ಜನ ಇಂಜಿನಿಯರುಗಳಿಗೆ ಕಾಣದ್ದು ನಿಮಗೆ ಹೇಗೆ ಹೊಳೀತು?"

ನಾನು ಗಿಡ್ಡ ಕಾಲಿನ ಕುರ್ಚಿಯ ತುದಿಗೆ ಬಂದೆ. ಇಪ್ಪತ್ತಾರು ವರ್ಷದ ಅನುಭವ, ಗಾಳಿಯ ನಾಡಿ, ಯಂತ್ರದ ಮನಸ್ಸು, ಈಗ ಬರುತ್ತದೆ ನೋಡಿ ಎಂದು ಜೇಬಿನಿಂದ ಪೆನ್ನು ತೆಗೆದೆ.

"ಒಂದು ಎಣಿಕೆ ಅಂದ್ರೆ ಸಾವಿರದಲ್ಲಿ ಒಂದು ಭಾಗ ಅಂತ ಡಬ್ಬಿ ಮುಚ್ಚಳದ ಒಳಗಡೆ ದಪ್ಪಕ್ಷರದಲ್ಲಿ ಅಚ್ಚು ಹಾಕಿದಾರೆ ಸಾರ್" ಎಂದಳು ಅಕ್ಕ. "ಮುಚ್ಚಳ ತೆಗೆದ್ರೆ ಕಾಣುತ್ತೆ."