ಬೆಂಡು ಮುಳುಗಿದ್ದು ಇನ್ನೂರ ಹದಿನಾಲ್ಕು ಸಲ

1979ರ ಡಿಸೆಂಬರ್ 26, ಬುಧವಾರ, ಬೆಳಿಗ್ಗೆ 6.40. ಕಾರವಾರದ ಕಡಲ ದಂಡೆಯಲ್ಲಿ ಅಪ್ಪ ಮೊದಲ ಸಲ ಗಾಳ ಎಸೆದ ಹೊತ್ತು. ಕೈಗಡಿಯಾರ ಅಕ್ಕನ ಗಂಡನದು. ಅದು ಎರಡು ನಿಮಿಷ ಮುಂದಿದೆ ಎಂದು ಅವರೇ ಹೇಳಿದ್ದರಿಂದ ಅಷ್ಟನ್ನು ಕಳೆದು ಬರೆದಿದ್ದೇನೆ.

ಅಪ್ಪ ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುತ್ತಿದ್ದ. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಆ ದಿನ ಬಿದಿರು ಕೋಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಮಲಪ್ರಭೆಗೆ ಹೋಗಿ ಮೀನು ಹಿಡಿದು ತರುತ್ತಿದ್ದ. ಅವನು ತಂದ ಮೀನುಗಳ ಲೆಕ್ಕವನ್ನು ನಾನು ಐದನೆಯ ತರಗತಿಯಿಂದ ಇಟ್ಟಿದ್ದೇನೆ. ಕಾರವಾರಕ್ಕೆ ಹೋದಾಗ ಪಿಯುಸಿಯಲ್ಲಿದ್ದೆ, ಮೂರನೆಯ ನೋಟುಬುಕ್ಕು ನಡೆದಿತ್ತು.

ಡಿಸೆಂಬರ್ ಮೊದಲ ವಾರ ಅಕ್ಕನ ಪತ್ರ ಬಂತು. ಅವಳ ಗಂಡ ಇಳಕಲ್ಲಿನವರು, ಕಾರವಾರದಲ್ಲಿ ಗುಮಾಸ್ತರು. ಅಕ್ಕನಿಗೆ ನಾಲ್ಕು ತಿಂಗಳು. ಉಂಡದ್ದು ಒಂದೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಬಸ್ಸಿನ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದಾರೆ, ಅಪ್ಪ ಹಿಡಿದ ಮೀನಿನ ಸಾರು ಮಾತ್ರ ನೆನಪಾಗುತ್ತದೆ ಎಂದು ಬರೆದಿದ್ದಳು. ಅಪ್ಪ ಪತ್ರವನ್ನು ನನ್ನಿಂದ ಎರಡು ಸಲ ಓದಿಸಿದ.

"ಇಲ್ಲಿಂದ ಮೀನು ಒಯ್ದ್ರ ಹುಬ್ಬಳ್ಳಿ ಮುಟ್ಟೂದ್ರಾಗ ನಾರತೈತಿ," ಅಂದ. "ಅಲ್ಲೇ ಸಮುದ್ರ ಐತೆಲ್ಲ. ನೀರು ನೀರs."

ಹೀಗೆ ಕೋಲು, ಬೆಂಡು, ಗಾಳ, ಒಂದು ಡಬ್ಬಿಯಲ್ಲಿ ಹೊಳೆದಂಡೆಯ ಮಣ್ಣು ಮತ್ತು ಅರವತ್ತು ಎರೆಹುಳುಗಳೊಂದಿಗೆ ನಾವಿಬ್ಬರೂ ಬಸ್ಸು ಹತ್ತಿದೆವು. ಅವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಕಾರವಾರ ಮುಟ್ಟಿದಾಗ ಹುಳು ನಲವತ್ತಾರು ಬದುಕಿದ್ದವು. ರೊಟ್ಟಿ ಪೂರ್ತಿ ಇದ್ದವು.

ಹೊಳೆಯಲ್ಲಿ ಅಪ್ಪನ ಪದ್ಧತಿ ಸರಳ. ಬೆಂಡು ನೀರ ಮೇಲೆ ತೇಲುತ್ತಿರುತ್ತದೆ. ಅದು ಮುಳುಗಿದರೆ ಮೀನು ಕಚ್ಚಿದೆ, ಕೋಲು ಎತ್ತಬೇಕು. ಕಡಲಿನಲ್ಲಿಯೂ ಅಪ್ಪ ಅದನ್ನೇ ಮಾಡಿದ. ತೆರೆ ಬಂತು, ಬೆಂಡು ಮುಳುಗಿತು, ಅಪ್ಪ ಕೋಲು ಎತ್ತಿದ. ಏನೂ ಇರಲಿಲ್ಲ. ಮತ್ತೆ ಎಸೆದ. ತೆರೆ ಬಂತು. ಹತ್ತು ಗಂಟೆಯ ತನಕ ಬೆಂಡು ತೊಂಬತ್ತಾರು ಸಲ ಮುಳುಗಿತು. ಮೀನು ಸೊನ್ನೆ.

ಮನೆಗೆ ಹೋದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಕೈ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು.

"ಸಿಕ್ತೇನಪಾ?"

"ನಾಳೆ ಸಿಗತೈತಿ. ಇವತ್ತ ಪರಿಚಯ ಮಾಡ್ಕೊಂಡೇನಿ."

ಆ ದಿನ ಅಕ್ಕ ಉಂಡದ್ದು ಮೂರು ತುತ್ತು, ನಿಂತದ್ದು ಸೊನ್ನೆ. ಅದನ್ನೂ ಅದೇ ಪುಟದಲ್ಲಿ ಬರೆದೆ.

ಎರಡನೆಯ ದಿನ ಹುನಗುಂದದ ಕಡೆಯ ಒಂದು ಸಾಲೆಯ ಮಕ್ಕಳು ಟ್ರಿಪ್ಪಿಗೆ ಬಂದಿದ್ದರು. ಸ್ನಾನಕ್ಕೆ ಬಂದವರು ನಮ್ಮ ಕಡೆ ತಿರುಗಿ ಸಾಲಾಗಿ ಕುಳಿತರು. ಪ್ಯಾಂಟು ಮೊಣಕಾಲಿಗೆ ಮಡಚಿದ್ದ ಅವರ ಮಾಸ್ತರರು ಅಪ್ಪನ ಮಾತು ಕೇಳಿ ಹತ್ತಿರ ಬಂದರು.

"ಯಾವೂರ್ರೀ ಯಜಮಾನ್ರ?"

"ಗುಳೇದಗುಡ್ಡರೀ."

"ಹೊಳ್ಯಾಗಿನ ಮೀನು ಮುಗದ್ವೇನ್ರಿ, ಇಲ್ಲಿ ತನಕಾ ಬಂದೀರಿ?"

"ಮುಗದಿಲ್ಲರೀ. ಅವಕ್ಕ ಬಸ್ಸು ಹತ್ತಿದ್ರ ತ್ರಾಸ ಆಗತೈತಿ."

ಬೆಂಡು ಮುಳುಗಿದಾಗಲೆಲ್ಲ ಮಕ್ಕಳು "ಮುಳಗ್ತೋ!" ಎಂದು ಕೂಗಿದರು. ಅವರು ಹೋಗುವಾಗ ಅವರ ಲೆಕ್ಕಕ್ಕೂ ನನ್ನದಕ್ಕೂ ಮೂರರ ವ್ಯತ್ಯಾಸ ಬಂತು. ನನ್ನದನ್ನೇ ಇಟ್ಟುಕೊಂಡೆ. ಆ ದಿನದ್ದು ನೂರ ಹದಿನೆಂಟು. ಮೀನು ಸೊನ್ನೆ. ಹುಳುಗಳೂ ಮುಗಿದವು.

ಅಕ್ಕನದು ಆ ದಿನ ಎರಡೇ ತುತ್ತು. "ಬ್ಯಾಡ ಬಿಡಪಾ," ಅಂದಳು. "ನೀ ಬಂದಿ, ನಾ ನೋಡಿದೆ, ಸಾಕು." ಅಪ್ಪ ಅರ್ಧ ರೊಟ್ಟಿಗೆ ಎದ್ದ. ಮರುದಿನ ಮಧ್ಯಾಹ್ನ ಎರಡಕ್ಕೆ ನಮ್ಮ ಬಸ್ಸು.

ಅಂಗಳದಲ್ಲಿ ಅಕ್ಕನ ಗಂಡ ದನಿ ಇಳಿಸಿ ಹೇಳಿದರು: "ಮಾವಾರ, ಮುಂಜಾನೆ ಪ್ಯಾಟ್ಯಾಗಿಂದ ಒಂದು ಛಲೋ ಮೀನು ತರತೇನ್ರಿ. ನೀವs ಹಿಡದೀರಿ ಅಂತ ಹೇಳೂಣು. ಆಕಿಗೆ ಏನ್ ಗೊತ್ತಾಕೈತಿ?"

ಅಪ್ಪ ನನ್ನ ಕಡೆ ತಿರುಗಿದ.

"ನಿನ್ನ ಪುಸ್ತಕದಾಗ ಏನಂತ ಬರೀತಿ ಯವ್ವಾ?"

"ಪ್ಯಾಟಿದು, ಒಂದು."

"ಹಂಗಾದ್ರ ಬ್ಯಾಡ."

"ಎಲ್ಲಾ ಬರೀಬೇಕಂತ ಯಾರ ಹೇಳ್ಯಾರ ಇಕಿಗೆ?" ಎಂದು ಅಕ್ಕನ ಗಂಡ ಗೊಣಗಿದರು. ಯಾರೂ ಹೇಳಿರಲಿಲ್ಲ.

ಅಪ್ಪ ಎರಡು ದಿನದ ಲೆಕ್ಕ ಓದೆಂದ. ಓದಿದೆ: ಮುಳುಗಿದ್ದು ಇನ್ನೂರ ಹದಿನಾಲ್ಕು, ಮೀನು ಸೊನ್ನೆ. ಹೊಳೆಯಲ್ಲಿ ಕೊನೆಯ ಅಮಾವಾಸ್ಯೆಯದನ್ನೂ ಓದೆಂದ: ಮುಳುಗಿದ್ದು ಮೂವತ್ತೊಂದು, ಮೀನು ಹನ್ನೆರಡು.

"ಹಂಗಾದ್ರ ಇಲ್ಲಿ ಬೆಂಡು ಸುಳ್ಳು ಹೇಳತೈತಿ," ಅಂದ ಅಪ್ಪ. ಬೆಂಡನ್ನು ಬಿಚ್ಚಿ ನನ್ನ ಕೈಗೆ ಕೊಟ್ಟ. ಅಳಿಯನ ಸೈಕಲ್ಲಿನಿಂದ ಒಂದು ನಟ್ಟು ತೆಗೆದು ದಾರದ ತುದಿಗೆ ಭಾರ ಕಟ್ಟಿದ. ಯಾವ ನಟ್ಟು ಎಂದು ಅಳಿಯ ಕೇಳಿದರು. ಅಷ್ಟು ಮುಖ್ಯದ್ದಲ್ಲ ಎಂದ.

28, ಶುಕ್ರವಾರ. ಅಕ್ಕನ ಗಂಡ ಬೆಳಿಗ್ಗೆಯೇ ಪೇಟೆಗೆ ಹೋಗಿ ಒಂದು ಹಿಡಿ ಸೀಗಡಿ ತಂದರು. ಬರೆದುಕೊಂಡೆ: ಗಾಳಕ್ಕೆ ಸಿಕ್ಕಿಸಲು ಸೀಗಡಿ, ಪೇಟೆಯದು. ಅಪ್ಪ ಕೋಲನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಮೊಣಕಾಲು ನೀರಿನಲ್ಲಿ ನಿಂತು, ನಟ್ಟು ಕಟ್ಟಿದ ದಾರವನ್ನು ಬೀಸಿ ತೆರೆಯಾಚೆ ಎಸೆದ. ಆಮೇಲೆ ದಂಡೆಗೆ ಬಂದು ಕುಳಿತು, ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಕಣ್ಣು ಮುಚ್ಚಿದ.

ಇದು ನನಗೆ ಗೊತ್ತಿದ್ದ ಭಂಗಿ. ಮಗ್ಗದ ಹಾಸಿನಲ್ಲಿ ಯಾವ ಎಳೆ ಸಡಿಲಾಗಿದೆ, ಯಾವುದು ಹರಿಯಲಿದೆ ಎಂದು ಅವನು ನೋಡಿ ತಿಳಿಯುತ್ತಿರಲಿಲ್ಲ, ಬೆರಳಾಡಿಸಿ ತಿಳಿಯುತ್ತಿದ್ದ.

"ಇದು ತೆರಿ," ಅಂದ. ಸ್ವಲ್ಪ ಹೊತ್ತಿಗೆ, "ಇದೂ ತೆರಿ." ನನಗೆ ಬರೆಯಲು ಏನೂ ಇರಲಿಲ್ಲ. ಮುಳುಗುವ ವಸ್ತು ನನ್ನ ಕೈಯಲ್ಲಿತ್ತು.

8.25ಕ್ಕೆ, "ಇದು ತೆರಿ ಅಲ್ಲ," ಅಂದ. ಎದ್ದು ಹಿಂದೆ ಹಿಂದೆ ನಡೆಯುತ್ತ ದಾರ ಎಳೆದ. ಮರಳಿನ ಮೇಲೆ ಮೀನು ಬಂದು ಬಿದ್ದಿತು. ಒಂದು.

ಅಳತೆ ತೆಗೆದುಕೊಂಡೆ: ನನ್ನ ಗೇಣಿನಿಂದ ಒಂದು ಗೇಣು ನಾಲ್ಕು ಬೆರಳು. ಮೈ ಬೆಳ್ಳಿ ಬಣ್ಣ, ಪಕ್ಕದಲ್ಲಿ ಬಾಲದ ತನಕ ಹಳದಿ ಗೆರೆ. ಗದ್ದದ ಕೆಳಗೆ ಎರಡು ಮೀಸೆ. ಮೀಸೆ ನೋಡಿ ಅಪ್ಪ, "ನಮ್ಮ ಹೊಳಿ ಮೀನಿನ ಸಂಬಂಧದವನs," ಅಂದ.

ಅಡಿಗೆಯನ್ನು ಅಪ್ಪನೇ ಮಾಡಿದ. ಅಕ್ಕ ತಟ್ಟೆಯ ಮುಂದೆ ಕುಳಿತು, "ಖರೆ ಹೇಳು, ಇದನ್ನ ಅಪ್ಪ ಹಿಡದಾನೋ, ಇವ್ರು ತಂದಾರೋ?" ಎಂದು ನನ್ನನ್ನು ಕೇಳಿದಳು. ನೋಟುಬುಕ್ಕು ಕೊಟ್ಟೆ. ಆ ಪುಟವನ್ನು ಸಾವಕಾಶ ಓದಿದಳು, ಪೇಟೆಯ ಸೀಗಡಿಯನ್ನೂ ಸೇರಿಸಿ. ಆಮೇಲೆ ರೊಟ್ಟಿ ಮುರಿದಳು.

ತುತ್ತು ಇಪ್ಪತ್ತೊಂದು. ಒಂದೂವರೆ ಗಂಟೆಗೆ ನಾವು ಮನೆ ಬಿಟ್ಟೆವು. ಆ ತನಕ ಎಲ್ಲವೂ ನಿಂತಿದ್ದವು. ಬಸ್ಸಿನಲ್ಲಿ ಅಪ್ಪ ಹುಬ್ಬಳ್ಳಿಯ ತನಕ ತೋರುಬೆರಳನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕುಳಿತಿದ್ದ.

ಆ ಪುಟದಲ್ಲಿ ಒಂದು ಜಾಗ ಇನ್ನೂ ಖಾಲಿ ಇದೆ: ಮೀನಿನ ಹೆಸರು. ಅಕ್ಕನ ಗಂಡ ಒಂದು ಹೇಳಿದರು, ಪಕ್ಕದ ಮನೆಯವರು ಇನ್ನೊಂದು. ಎರಡನ್ನೂ ಪೆನ್ಸಿಲಿನಲ್ಲಿ ಬರೆದು ಅಳಿಸಿದ್ದೇನೆ. ಅಕ್ಕನ ಮಗಳು ಈಗ ಎರಡನೆಯ ತರಗತಿ. ತಾನು ಹೊಟ್ಟೆಯಲ್ಲಿದ್ದಾಗ ತಿಂದ ಮೀನು ಯಾವುದೆಂದು ರಜೆಗೆ ಬಂದಾಗಲೆಲ್ಲ ಕೇಳುತ್ತಾಳೆ. ಈವರೆಗೆ ಒಂಬತ್ತು ಸಲ ಕೇಳಿದ್ದಾಳೆ. ಕರಾವಳಿಯ ಓದುಗರಲ್ಲಿ ಯಾರಿಗಾದರೂ ಮೇಲಿನ ಅಳತೆ, ಗೆರೆ, ಮೀಸೆಗಳಿಂದ ಗುರುತು ಸಿಕ್ಕರೆ ದಯವಿಟ್ಟು ಬರೆದು ತಿಳಿಸಬೇಕು. ಖಚಿತವಿದ್ದವರು ಮಾತ್ರ. ಈ ಸಲ ಶಾಯಿಯಲ್ಲಿ ಬರೆಯುವುದಿದೆ.