ಹನ್ನೆರಡೂವರೆಗೇ ಗೊತ್ತಿದ್ದ ಮಳೆ

ಮೊನ್ನೆ ಉಪ್ಪಿನ ಭರಣಿಯ ಮುಚ್ಚಳ ತೆಗೆದರೆ ಕಲ್ಲುಪ್ಪೆಲ್ಲ ಬೆವೆತು ತಳದಲ್ಲಿ ನೀರು ನಿಂತಿತ್ತು. ಮುಂಬಯಿಯ ಜುಲೈ, ಅದರಲ್ಲಿ ಹೊಸದೇನಿಲ್ಲ. ಆದರೆ ಆ ಒದ್ದೆ ಉಪ್ಪಿನ ವಾಸನೆಗೆ ವಡಾಲದ ನಮ್ಮ ಹಳೆಯ ಬಿಲ್ಡಿಂಗಿನ ಡಾಕ್ಟರ್ ಸಾಹೇಬರು ನೆನಪಾದರು. ಅರವತ್ತೈದು ವರ್ಷ... ಇನ್ನೂ ಹೆಚ್ಚೇ ಆಯಿತೇನೋ. ಆ ಮನುಷ್ಯನನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅವರು ಔಷಧಿಯ ಡಾಕ್ಟರಲ್ಲ, ಗಾಳಿಮಳೆಯ ಡಾಕ್ಟರು. ಹೊಸದಾಗಿ ಬಂದ ಬಾಡಿಗೆದಾರರು ಹೊಟ್ಟೆನೋವೆಂದು ಬಾಗಿಲು ತಟ್ಟಿದರೆ ಮುಖ ಸಿಂಡರಿಸಿಕೊಂಡು ತಾನು ವಿಜ್ಞಾನಿ ಎನ್ನುತ್ತಿದ್ದರು. ಮೈಸೂರಿನ ಕಡೆಯವರು, ವಿಲಾಯಿತಿಯಲ್ಲಿ ಓದಿ ಬಂದವರು. ಹವಾಮಾನದ ಕಚೇರಿಯೊಂದರಲ್ಲಿ ಸಂಶೋಧನೆಯ ಕೆಲಸ. ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಸುರಿಯುವ ಗುಡುಗುಮಳೆ ಅವರ ವಿಷಯ. ಬೆಳಿಗ್ಗೆ ಹಾರಿಸಿದ ಬಲೂನು ಮೇಲಿನ ಗಾಳಿಯ ಬಿಸಿ, ತೇವ ಎಷ್ಟೆಂದು ತಿಳಿಸಿದರೆ, ಆ ಸಂಜೆ ಮಳೆ ಬೀಳುತ್ತದೋ ಇಲ್ಲವೋ ಎಂದು ಮಧ್ಯಾಹ್ನದೊಳಗೆ ಹೇಳಬಲ್ಲ ಲೆಕ್ಕವೊಂದನ್ನು ಕಂಡುಹಿಡಿದಿದ್ದರು. ಲೆಕ್ಕ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ನಾನಾಗ ಮಾಟುಂಗಾದಲ್ಲಿ ಟೈಪಿಂಗ್ ಕಲಿಯುತ್ತಿದ್ದೆ. ಅವರ ಬರಹವನ್ನೆಲ್ಲ ಟೈಪ್ ಮಾಡಿಕೊಡುತ್ತಿದ್ದವಳು ನಾನೇ.

ದಿನದ ಮುನ್ಸೂಚನೆ ಬರೆಯುವವರು ಅದೇ ಕಚೇರಿಯ ಕೆಳಗಿನ ಮಹಡಿಯಲ್ಲಿ ಕೂರುತ್ತಿದ್ದರಂತೆ. ಮೇ ಪೂರ್ತಿ ಅವರದು ಒಂದೇ ಸಾಲು, ಅಲ್ಲಲ್ಲಿ ಗುಡುಗುಮಳೆ ಬರಬಹುದು. ಬಂದರೂ ಸರಿ, ಬಾರದಿದ್ದರೂ ಸರಿ. ನಮ್ಮ ಸಾಹೇಬರು ಕೆಳಗಿಳಿದು ಹೋಗಿ ತಮ್ಮ ಲೆಕ್ಕ ಕೊಟ್ಟವರಲ್ಲ. ಕೆಳಗಿನವರು ಬರೀ ಬಿ.ಎಸ್ಸಿ.ಗಳು, ಅವರಿಗೇನು ಅರ್ಥವಾಗುತ್ತದೆ ಎನ್ನುತ್ತಿದ್ದರು. ಒಂದು ಮಹಡಿ ಇಳಿದರೆ ಡಾಕ್ಟರೇಟು ಸವೆದುಹೋಗುತ್ತಿತ್ತೇನೋ, ಪಾಪ.

ಅಪ್ಪ ಬೆಳಗಾವಿಯವರು. ವಡಾಲದ ಉಪ್ಪಿನ ಆಗರವೊಂದರಲ್ಲಿ ಮೇಲ್ವಿಚಾರಕರಾಗಿದ್ದರು. ಖಾರಿಯಿಂದ ಒಳಬಿಟ್ಟ ಸಮುದ್ರದ ನೀರು ಬಿಸಿಲಿಗೆ ಒಣಗಿ ಉಪ್ಪಾದ ಮೇಲೆ ಅದನ್ನು ಗೋರಿ, ರಾಶಿ ಹಾಕಿ, ಹುಲ್ಲು ಹೊದಿಸಬೇಕು. ಹೊದಿಸುವ ಮೊದಲು ಒಂದು ಜೋರು ಮಳೆ ಬಿದ್ದರೆ ಎಲ್ಲ ಮತ್ತೆ ನೀರು. ಹಿಂದಿನ ವರ್ಷ ಹಾಗೇ ಆಗಿತ್ತು. ಈ ಸಲವೂ ಉಪ್ಪು ಕರಗಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಆಗರದ ಸೇಠ್ ಹೇಳಿಯೇ ಬಿಟ್ಟಿದ್ದ.

ಮೇ ಶುರುವಾಗುತ್ತಲೇ ಅಪ್ಪ ಆಗರದ ಫೋನ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಸಾಹೇಬರ ಮನೆಗೆ ಹೋದರು. ನಾನೂ ಜೊತೆಯಲ್ಲಿದ್ದೆ. ಅರ್ಧ ದಿನ ಮೊದಲು ತಿಳಿದರೆ ಸಾಕು, ಆಗರದ ಹೆಂಗಸರನ್ನೆಲ್ಲ ಕೂಡಿಸಿ ಹುಲ್ಲು ಹೊದಿಸಿಬಿಡುತ್ತೇನೆ ಎಂದು ಅಪ್ಪ ಕೈ ಹಿಡಿದು ಕೇಳಿದರು.

"ಮಳಿ ಬರೂ ಹಂಗಿದ್ರ ಒಂದ ಫೋನ್ ಮಾಡ್ರಿ ಸಾಹೇಬ್ರ. ಸುಳ್ಳಾದ್ರೂ ನಡೀತದ, ನಾ ಬೈಯೂದಿಲ್ಲ."

"ಇನ್ನೂ ಎರಡು ಸೀಸನ್ ಡೇಟಾ ಬೇಕು ರಾಯರೇ," ಎಂದರು ಸಾಹೇಬರು. "ಈಗಲೇ ಹೇಳಿ ತಪ್ಪಾದ್ರೆ ನನ್ನ ಹೆಸರೇನಾಗ್ಬೇಕು?"

ಅವರ ಹೆಸರು! ಬಿಲ್ಡಿಂಗಿನ ಹಾಲಿನವನಿಗೂ ಅದು ನೆಟ್ಟಗೆ ಗೊತ್ತಿರಲಿಲ್ಲ. ಆದರೂ ಚೀಟಿ ಇಸಿದುಕೊಂಡರು, ಓದುತ್ತಿದ್ದ ಪುಸ್ತಕದೊಳಗೆ ಗುರುತಿಗೆಂದು ಇಟ್ಟರು. ಅಪ್ಪನಿಗೆ ಅಷ್ಟರಿಂದಲೇ ಆಸೆ ಹುಟ್ಟಿತು. ಮರುದಿನದಿಂದ ಮಧ್ಯಾಹ್ನ ಊಟಕ್ಕೆ ಮನೆಗೆ ಬರುವುದನ್ನೇ ಬಿಟ್ಟು ಆಗರದ ಫೋನಿನ ಪಕ್ಕ ಕುಳಿತರು.

ಆ ಮೇ ತಿಂಗಳ ಕೊನೆಯಲ್ಲಿ ಒಂದು ದಿನ, ಸಂಜೆ ಐದರ ಸುಮಾರಿಗೆ ಆಕಾಶ ಹರಿದುಕೊಂಡು ಬಿತ್ತು. ಒಂದು ತಾಸು, ಅಷ್ಟೇ. ಅಪ್ಪ ಮೊಣಕಾಲುದ್ದ ಕೆಸರಿನಲ್ಲಿ ಮನೆಗೆ ಬಂದು ಹೊಸ್ತಿಲಲ್ಲೇ ಕುಳಿತರು. ಅರ್ಧದಷ್ಟು ರಾಶಿಯೂ ಉಳಿದಿರಲಿಲ್ಲ. ಅವ್ವ ಟವೆಲ್ಲು ತರುವಷ್ಟರಲ್ಲಿ ಸಾಹೇಬರು ಗ್ರಾಫ್ ಹಾಳೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಮುಖದಲ್ಲಿ ಮಗಳ ಮದುವೆ ನಿಶ್ಚಯವಾದಂಥ ಸಂತೋಷ.

"ನೋಡಿ ರಾಯರೇ, ಹನ್ನೆರಡೂವರೆಗೇ ನನಗೆ ಗೊತ್ತಾಗಿತ್ತು. ಐದು ಗಂಟೆ ಅಂತ ಬರೆದಿಟ್ಟಿದ್ದೆ, ನೋಡಿ."

ಅಪ್ಪ ಹಾಳೆಯನ್ನು ಸುಮ್ಮನೆ ನೋಡಿದರು. ಫೋನ್ ಮಾಡಲಿಲ್ಲವೇಕೆ ಎಂದು ಕೇಳಲಿಲ್ಲ. ನನ್ನ ಕಡೆ ತಿರುಗಿ, ಸಾಹೇಬರಿಗೆ ಚಹಾ ಕೊಡು ಎಂದರು. ನಾನು ಕೊಟ್ಟೆ. ಅವರು ಕುಡಿದರು, ಇನ್ನೊಂದು ಚಮಚ ಸಕ್ಕರೆಯನ್ನೂ ಕೇಳಿದರು. ಅಪ್ಪನ ಆ ಮರ್ಯಾದೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆ ಮನುಷ್ಯನದು ಕೆಟ್ಟತನ ಕೂಡ ಅಲ್ಲ. ಕೆಟ್ಟವನಿಗಾದರೂ ಎದುರಿಗಿರುವವನು ಕಾಣಿಸುತ್ತಾನೆ.

ಜೂನ್‌ನಲ್ಲಿ ಅಪ್ಪನ ಕೆಲಸ ಹೋಯಿತು. ಬೆಳಗಾವಿಗೆ ಹೊರಡಲು ನಾವು ಗಂಟುಮೂಟೆ ಕಟ್ಟುತ್ತಿದ್ದಾಗ ಸಾಹೇಬರು ತಮ್ಮ ಪ್ರಬಂಧದ ಕೊನೆಯ ಪುಟಗಳನ್ನು ಟೈಪ್ ಮಾಡಿಕೊಡು ಎಂದು ಕರೆದರು. ಅದರಲ್ಲಿ ಆ ದಿನವೂ ಇತ್ತು. ವಡಾಲದ ಬಳಿ ಮುನ್ಸೂಚನೆ ಪೂರ್ತಿ ನಿಜವಾಯಿತು ಎಂದು ಬರೆದಿದ್ದರು. ನನ್ನ ಬೆರಳು ನಿಂತಿತು.

"ಮಾಮಾ, ಇದನ್ನ ಯಾರಿಗೆ ಹೇಳಿದ್ರಿ ನೀವು?"

ಅವರು ಕನ್ನಡಕದ ಮೇಲಿಂದ ನೋಡಿದರು. "ಇದು ರಿಸರ್ಚ್ ಪೇಪರಮ್ಮಾ. ಯಾರಿಗೋ ಹೇಳೋದಕ್ಕಲ್ಲ," ಎಂದು ಆ ಸಾಲಿಗೊಂದು ಅಲ್ಪವಿರಾಮ ಸೇರಿಸಿದರು. ನಾನು ಟೈಪ್ ಮಾಡಿ ಮುಗಿಸಿದೆ. ಹದಿನೇಳು ವರ್ಷದ ಹುಡುಗಿ, ಇನ್ನೇನು ಮಾಡಬಲ್ಲವಳಾಗಿದ್ದೆ... ಯಂತ್ರವನ್ನು ಅವರ ತಲೆಯ ಮೇಲೆ ಎತ್ತಿಹಾಕಬಹುದಿತ್ತು.

ಅಪ್ಪ ಬೆಳಗಾವಿಯಲ್ಲಿ ಸೋದರಮಾವನ ಕಿರಾಣಿ ಅಂಗಡಿಯಲ್ಲಿ ಕುಳಿತರು. ಮತ್ತೆ ಮುಂಬಯಿಗೆ ಬರಲೇ ಇಲ್ಲ. ಮೋಡ ಕವಿದರೆ ಮಾತು ನಿಲ್ಲಿಸಿಬಿಡುತ್ತಿದ್ದರು. ಸಾಹೇಬರು ತೀರಿಹೋದಾಗ ಪೇಪರಿನವರು ಅವರನ್ನು ದೊಡ್ಡ ವಿಜ್ಞಾನಿ ಎಂದು ಬರೆದರು. ಇರಬಹುದು.

ಈಗ ನಾನು ಮತ್ತೆ ಮುಂಬಯಿಯಲ್ಲೇ, ಮಲಾಡಿನಲ್ಲಿದ್ದೇನೆ. ಹೋದ ವಾರ ಎಲ್ಲರ ಮೊಬೈಲಿಗೂ ಜೋರು ಮಳೆಯ ಎಚ್ಚರಿಕೆ ಬಂತು. ಸೊಸೈಟಿಯವರು ಟೆರೇಸಿನ ಸಾಮಾನೆಲ್ಲ ಒಳಗಿಟ್ಟರು, ಬಿಸಿಲು ಮಾತ್ರ ಸಂಜೆಯವರೆಗೂ ಹೋಗಲಿಲ್ಲ. ಲಿಫ್ಟಿನಲ್ಲಿ ಪಕ್ಕದ ಮನೆಯವಳು ಹವಾಮಾನದವರನ್ನು ಬಾಯಿಗೆ ಬಂದಂತೆ ಬೈದಳು. ನಾನು ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ತಪ್ಪಾದರೂ ಸರಿ, ಇಂಥದೊಂದು ಮುನ್ಸೂಚನೆಗಾಗಿ ಅಪ್ಪ ಒಂದು ತಿಂಗಳು ಮಧ್ಯಾಹ್ನದ ಊಟ ಬಿಟ್ಟು ಕಾದಿದ್ದರು.