ಮತಚೀಟಿ ಮಡಿಚುವ ಬಗೆ

ರಾಯಚೂರಿನಿಂದ ಮಾನ್ವಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಗದ ದಿನ ನಾನು ಜನ ಟಿಕೆಟ್ ಮಡಿಚುವುದನ್ನು ನೋಡುತ್ತಾ ಕೂರುತ್ತೇನೆ. ಕೆಲವರು ಅದನ್ನು ಸುರುಳಿ ಸುತ್ತಿ ಕಿವಿ ಕೆರೆದುಕೊಳ್ಳುತ್ತಾರೆ. ಕೆಲವರು ಗಡಿಯಾರದ ಪಟ್ಟಿಗೆ ಸಿಕ್ಕಿಸುತ್ತಾರೆ. ನನ್ನ ಸಣ್ಣವ್ವ, ಅಂದರೆ ತಾಯಿಯ ತಂಗಿ ಶರಣಮ್ಮ, ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ಟನ್ನೂ ಆಸ್ತಿಪತ್ರದ ಗೌರವದಿಂದ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಿಚಿ ಬಳೆಯ ಸಂದಿಗೆ ತೂರಿಸುತ್ತಾಳೆ. ನಾನು ಉಂಡೆ ಮಾಡಿ ಕಳೆದುಕೊಳ್ಳುವವಳು. ಮಡಿಚುವುದೂ ಒಂದು ವಿದ್ಯೆಯೆಂದು ಯಾರಾದರೂ ಹೇಳಿದ್ದರೆ ಹಿಂದೆ ಪ್ರತಿವಾದ ಹೂಡುತ್ತಿದ್ದೆ. ಈಗ ಹೂಡುವುದಿಲ್ಲ. ಯಾಕೆಂದು ಹೇಳುತ್ತೇನೆ, ಕೇಳಿ.

ಪ್ರತಿವಾದ ನನ್ನ ವ್ಯಸನ. ದೇವದುರ್ಗದ ಚರ್ಚಾಸ್ಪರ್ಧೆಯೊಂದರಲ್ಲಿ ಮತದಾನ ಕಡ್ಡಾಯವಾಗಬೇಕೆಂದು ಬೆಳಗ್ಗೆ ಗುಡುಗಿ, ಮಧ್ಯಾಹ್ನದ ಸುತ್ತಿನಲ್ಲಿ ಆಗಕೂಡದೆಂದು ಅಷ್ಟೇ ಶ್ರದ್ಧೆಯಿಂದ ಗುಡುಗಿ, ಎರಡು ಸಲವೂ ಚಪ್ಪಾಳೆ ಗಿಟ್ಟಿಸಿದವಳು ನಾನು. ಪಾರಿತೋಷಕ ಕೊಡುವಾಗ ನಿವೃತ್ತ ಮೇಷ್ಟ್ರೊಬ್ಬರು ಮೆಲ್ಲಗೆ ಕೇಳಿದರು: "ಛಲೋ ಮಾತಾಡ್ತಿ ಯವ್ವಾ. ಸಂಜಿಕ ಮನಿಗೆ ಹೋಗಾಕಿ ಯಾರು, ಮುಂಜಾನಿಯಾಕಿಯೋ, ಮಧ್ಯಾಹ್ನದಾಕಿಯೋ?" ಅದನ್ನು ಪ್ರಶಂಸೆಯೆಂದು ಭಾವಿಸಿ ಫೋಟೋಕ್ಕೆ ನಕ್ಕೆ.

ಸಣ್ಣವ್ವ ಮಾನ್ವಿ ತಾಲ್ಲೂಕಿನ ತನ್ನೂರಿನ ಪಂಚಾಯ್ತಿ ಚುನಾವಣೆಗೆ ನಿಂತದ್ದು ಒಂದು ನಳಕ್ಕಾಗಿ. ಕಾಲುವೆಯ ನೀರು ಗದ್ದೆಗದ್ದೆಗೂ ಹರಿಯುವ ಊರಿನಲ್ಲಿ ಅವಳ ಓಣಿಯ ಹೆಂಗಸರು ಕುಡಿಯುವ ನೀರಿಗೆ ಕೊಡ ಹೊತ್ತು ಊರಾಚೆ ನಡೆಯುತ್ತಾರೆ. ನಾಲ್ಕು ಅರ್ಜಿ ಕೊಟ್ಟು ಸೋತವಳು, ಅರ್ಜಿ ತೆಗೆದುಕೊಳ್ಳುವ ಕಡೆಯೇ ಕೂತುಬಿಡೋಣವೆಂದು ನಿರ್ಧರಿಸಿದಳು. ನೀರಿಗಾಗಿ ನಿಂತವಳಿಗೆ ಸಿಕ್ಕ ಚಿಹ್ನೆ ಹೊಲಿಗೆ ಯಂತ್ರ. ಎದುರಾಳಿ ಹುಲಿಗೆಮ್ಮನಿಗೆ ಬಕೆಟ್. ವಿಧಿಯ ವಿನೋದಪ್ರಜ್ಞೆ ಅಲ್ಲಿಂದಲೇ ಶುರುವಾಗಿತ್ತು.

ಮಾನ್ವಿಯಲ್ಲಿ ಮತ ಎಣಿಕೆಯ ದಿನ ನಾನು ಸಣ್ಣವ್ವನ ಏಜೆಂಟ್; ಅವಳು ನನ್ನ ಬೆನ್ನ ಹಿಂದೆ, ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು. ಮೇಜಿನ ಆಚೆ ಹುಲಿಗೆಮ್ಮನ ಏಜೆಂಟಾಗಿ ಅವಳ ಅಣ್ಣ ಅಮರಪ್ಪ, ಕುರಿ ಕಾಯುವ ಮನುಷ್ಯ, ಆ ಸೆಖೆಯಲ್ಲೂ ಹೆಗಲಿಗೆ ಕಂಬಳಿ. ಮತಚೀಟಿಯಲ್ಲಿ ಚಿಹ್ನೆಗಳು ಒಂದರ ಕೆಳಗೊಂದು ಇರುತ್ತವೆ. ಮುದ್ರೆ ಒತ್ತಿದ ಮೇಲೆ ಚೀಟಿಯನ್ನು ಮೊದಲು ಉದ್ದಕ್ಕೆ ಮಡಿಚಿದರೆ ಹಸಿ ಶಾಯಿ ಅದೇ ಸಾಲಿನಲ್ಲಿ ಉಳಿಯುತ್ತದೆ. ಅವಸರದಲ್ಲಿ ಅಡ್ಡಕ್ಕೆ ಮಡಿಚಿದರೆ ಇನ್ನೊಬ್ಬರ ಚಿಹ್ನೆಗೂ ಮೆತ್ತಿಕೊಳ್ಳುತ್ತದೆ. ಮುದ್ರೆಯ ಬಾಣಗಳು ಚಕ್ರದಂತೆ ಒಂದೇ ದಿಕ್ಕಿಗೆ ತಿರುಗಿರುವುದರಿಂದ, ಮೆತ್ತಿಕೊಂಡ ಗುರುತಿನಲ್ಲಿ ಅವು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ತಿರುಗಿರುತ್ತವೆ. ಅಂಥ ಮತ ಸಿಂಧು. ಇದನ್ನೆಲ್ಲ ನಾನು ಓದಿಕೊಂಡೇ ಹೋಗಿದ್ದೆ.

ಓದಿಕೊಂಡೇ, ಬಕೆಟ್ಟಿನ ಮೇಲೆ ಒತ್ತಿದ ಮುದ್ರೆ ಹೊಲಿಗೆ ಯಂತ್ರಕ್ಕೂ ಮೆತ್ತಿಕೊಂಡಿದ್ದ ಚೀಟಿಯೊಂದು ಬಂದಾಗ ಎದ್ದು ನಿಂತೆ. "ಎರಡು ಗುರುತು ಅಂದ್ರ ಎರಡು ಗುರುತು ಸರ್. ಮತದಾರನ ಮನಸ್ಸು ನಮಗ ಕಾಣಂಗಿಲ್ಲ, ಕಾಗದ ಅಷ್ಟ ಕಾಣ್ತದ!" ಬಾಣಗಳ ದಿಕ್ಕು ನನಗೆ ಕಂಡಿತ್ತು. ಕಂಡದ್ದನ್ನು ಹೇಳದಿರುವುದನ್ನು ನಮ್ಮ ಸ್ಪರ್ಧೆಗಳಲ್ಲಿ ತಂತ್ರ ಎನ್ನುತ್ತಾರೆ. ಅಧಿಕಾರಿ ಬೆವರು ಒರೆಸಿಕೊಂಡು, "ಸದ್ಯಕ್ಕ ಬಾಜೂಕ ಇಡ್ರಿ," ಎಂದರು. ಅಮರಪ್ಪ ಚೀಟಿ ಹೋದ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದ. ಸಣ್ಣವ್ವ ಹೆಮ್ಮೆಯಿಂದ ನನ್ನ ಹೆಗಲು ಒತ್ತಿದಳು.

ಕೊನೆಯ ಕಟ್ಟಿನಲ್ಲಿ ಇನ್ನೊಂದು ಬಂತು: ಹೊಲಿಗೆ ಯಂತ್ರದ ಮೇಲೆ ಸ್ಪಷ್ಟ ಮುದ್ರೆ, ಬಕೆಟ್ಟಿನ ಮೇಲೆ ಮಸುಕು ಪಡಿಯಚ್ಚು. ಅದೂ ಬಾಜೂಕ್ಕೆ ಹೋಯಿತು. ಉಳಿದ ಮತಗಳನ್ನು ಕೂಡಿಸಿದರೆ ಇಬ್ಬರಿಗೂ ಸಮ. ಮೊದಲ ಚೀಟಿ ತಿರಸ್ಕೃತವಾಗಿ ಬಿದ್ದು, ಎರಡನೆಯದು ಸಿಂಧುವಾಗಿ ನಿಂತರೆ ಸಣ್ಣವ್ವನಿಗೆ ಒಂದು ಮತದ ಗೆಲುವು. ಎರಡೂ ನಿಂತರೂ, ಎರಡೂ ಬಿದ್ದರೂ ಸಮಬಲ, ಹೆಸರು ಬರೆದು ಚೀಟಿ ಎತ್ತುವುದು.

ಅಧಿಕಾರಿ ಎರಡನ್ನೂ ಅಕ್ಕಪಕ್ಕ ಇಟ್ಟರು. "ಹೇಳ್ರಿ ಮೇಡಂ, ಈಗೇನಂತೀರಿ?"

ವಾದವೇನು, ಸಿದ್ಧವಿತ್ತು: ಮೊದಲನೆಯದರ ಪಡಿಯಚ್ಚು ಗಾಢ, ಎರಡನೆಯದರದು ಕ್ಷೀಣ, ಆದ್ದರಿಂದ ಇವು ಭಿನ್ನ ಪ್ರಕರಣಗಳು. ಹದಿನೈದು ನಿಮಿಷ ನಿರರ್ಗಳವಾಗಿ ಎಳೆಯಬಲ್ಲೆ. ಬಾಯಿ ತೆರೆಯುವಷ್ಟರಲ್ಲಿ ಅಮರಪ್ಪ ಕಂಬಳಿ ಸರಿಪಡಿಸಿಕೊಂಡು ಅಂದ: "ಯವ್ವಾ, ಆಗ ಏನಂದಿದ್ದಿ, ಅದನ್ನ ಇನ್ನೊಮ್ಮಿ ಅನ್ನು. ನನಗ ನಿನ್ನಂಗ ಮಾತಾಡಾಕ ಬರಂಗಿಲ್ಲ."

ಪ್ರತಿಸ್ಪರ್ಧಿಯೊಬ್ಬ ನನ್ನ ಮಾತನ್ನೇ ತನ್ನ ವಾದವಾಗಿ ಮಂಡಿಸಿದ್ದು ಅದೇ ಮೊದಲು. ಹೆಗಲ ಮೇಲಿನ ಕೈ ಬಿಗಿಯಾಯಿತು; ಆ ಬೆರಳುಗಳಲ್ಲಿ ಕೊಡ ಹೊತ್ತ ಅಷ್ಟೂ ವರ್ಷಗಳಿದ್ದವು.

"ಎರಡರಾಗೂ ಬಾಣ ಉಲ್ಟಾ ತಿರುಗ್ಯಾವ ಸರ್," ಎಂದೆ. "ಮಡಚಿದ್ದಕ್ಕ ಬಿದ್ದ ಗುರುತು. ಎರಡೂ ಸಿಂಧು. ಮೊದಲನೇದೂ... ನನಗ ಆಗ್ಲೇ ಗೊತ್ತಿತ್ತು."

ಕೈ ಹೆಗಲನ್ನು ಬಿಟ್ಟಿತು.

ಅಧಿಕಾರಿ ಎರಡು ಹೆಸರು ಬರೆದರು, ಮಡಿಚಿದರು, ಡಬ್ಬಿಯಲ್ಲಿ ಕುಲುಕಿ ಒಂದನ್ನು ಎತ್ತಿದರು. ಆ ಚೀಟಿಯ ಮಡಿಕೆ ಬಿಚ್ಚುವುದಕ್ಕೆ ಹಿಡಿದಷ್ಟು ಹೊತ್ತು ನನ್ನ ಯಾವ ಭಾಷಣವೂ ಹಿಡಿದಿಲ್ಲ. ಹುಲಿಗೆಮ್ಮ.

ಊರಿನ ಬಸ್ಸಿನಲ್ಲಿ ಕಂಡಕ್ಟರ್ ಎರಡು ಸೊನ್ನೆ ಟಿಕೆಟ್ ಕೊಟ್ಟ. ಅಕ್ಕಿ ಗಿರಣಿಗಳು ಹಿಂದಾದವು. ಆಮೇಲೆ ಸಣ್ಣವ್ವ ಕೇಳಿದಳು: "ಮೊದಲ್ನೇದಕ್ಕ ನೀ ಸುಮ್ನ ಇದ್ದಿದ್ರೂ ಚೀಟೀನ ಎತ್ತತಿದ್ರೇನು?"

"ಹೌದು."

"ಹಂಗಾರ ಅಷ್ಟೊತ್ತು ಯಾಕ ಒದರಿದಿ ಬೇ?"

ಓದುಗರೇ, ನನ್ನ ಸಮಸ್ತ ವಾಕ್ಚಾತುರ್ಯದ ನಿವ್ವಳ ಫಲವನ್ನು ಏಳನೆಯ ಇಯತ್ತೆ ಓದಿದ ಹೆಂಗಸು ಒಂದೇ ಸಾಲಿನಲ್ಲಿ ತೆಗೆದುಬಿಟ್ಟಿದ್ದಳು. ಎರಡು ಕಡೆಯಿಂದಲೂ ವಾದಿಸಬಲ್ಲವಳೆಂಬುದು ನನ್ನ ಜಂಬವಾಗಿತ್ತು. ಒಂದೇ ದಿನ, ಒಂದೇ ಮೇಜಿನ ಮೇಲೆ ಎರಡೂ ಕಡೆ ನಿಲ್ಲಬೇಕಾಗಿ ಬಂದಾಗ ಆ ಜಂಬಕ್ಕೆ ಜಾಗವೇ ಉಳಿದಿರಲಿಲ್ಲ.

"ನಾಳಿ ಹುಲಿಗೆಮ್ಮನ ಮನಿಗೆ ಹೋಗಿ ನಳದ ಅರ್ಜಿ ಕೊಡೂದದ," ಎಂದಳು. "ಐದನೇದು. ನೀನ ಬರದು ಕೊಡು. ಬಾಯಿ ಬ್ಯಾಡ, ಪೆನ್ ಅಷ್ಟ ತಗೊಂಡು ಬಾ."

ತಲೆಯಾಡಿಸಿದೆ. ಉಂಡೆಯಾಗಿದ್ದ ಟಿಕೆಟ್ಟನ್ನು ತೊಡೆಯ ಮೇಲೆ ಹರವಿ, ಸುಕ್ಕು ತೀಡಿ, ಮಡಿಚಲು ಹೊರಟೆ.

"ಅಡ್ಡಕ್ಕಲ್ಲ ಬೇ! ಮೊದಲು ಉದ್ದಕ್ಕ," ಎಂದು ಸಣ್ಣವ್ವ ಅದನ್ನು ಕಸಿದು ತಾನೇ ಮಡಿಚಿ, ಬಳೆಯಿಲ್ಲದ ನನ್ನ ಕೈಯನ್ನು ಒಂದು ಕ್ಷಣ ಹುಡುಕಿ, ಅಂಗೈಯೊಳಗೆ ಒತ್ತಿದಳು. ಊರು ಬರುವವರೆಗೆ ನಾನು ಮುಷ್ಟಿಯನ್ನೂ ಬಿಚ್ಚಲಿಲ್ಲ, ಬಾಯಿಯನ್ನೂ.